ರೈನ್, ಮೋಸೆಲ್ ದಡದಲ್ಲಿ ನಾಲ್ಕು ದಿನ: ಜರ್ಮನಿಯ ಸಣ್ಣ ಊರುಗಳಿಗೆ ರೈಲು ಪ್ರವಾಸದ ಮಾರ್ಗದರ್ಶಿ

‘ಮಗಳ ಮನೆ ಫ್ರಾಂಕ್‌ಫರ್ಟ್‌ನಲ್ಲಿದೆ, ನಾಲ್ಕು ದಿನ ಎಲ್ಲಾದರೂ ರೈಲಿನಲ್ಲಿ ಸುತ್ತಿ ಬರಬೇಕು’, ‘ಕಚೇರಿ ಕೆಲಸ ಮುಗಿದ ಮೇಲೆ ವಾರಾಂತ್ಯ ಸೇರಿಸಿಕೊಂಡರೆ ಏನು ನೋಡಬಹುದು?’ ಇಂಥ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಕೇಳುವವರಲ್ಲಿ ಹೆಚ್ಚಿನವರ ಕೈಯಲ್ಲಿ ಆಗಲೇ ಒಂದು ಪಟ್ಟಿ ಇರುತ್ತದೆ: ಮ್ಯೂನಿಕ್, ಬರ್ಲಿನ್, ಕಲೋನ್, ಹೈಡೆಲ್‌ಬರ್ಗ್, ನಾಲ್ಕೇ ದಿನದಲ್ಲಿ. ಆ ಪಟ್ಟಿಯನ್ನು ಬದಿಗಿಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಹಾಗೆ ಓಡಿದರೆ ನೆನಪಿನಲ್ಲಿ ಉಳಿಯುವುದು ನಿಲ್ದಾಣಗಳ ಮೆಟ್ಟಿಲುಗಳು ಮಾತ್ರ. ಒಂದೇ ಕಣಿವೆಯನ್ನು ಹಿಡಿದು, ಪ್ರತಿ ಊರಿನಲ್ಲೂ ನಿಲ್ಲುವ ಗಾಡಿಯಲ್ಲಿ ಹೋಗಿ.

ನಾನು ಸೂಚಿಸುವ ದಾರಿ ಇದು: ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ರೈನ್ ನದಿಯ ಗುಂಟ ಕೋಬ್ಲೆಂಜ್, ಅಲ್ಲಿಂದ ಮೋಸೆಲ್ ನದಿಯ ಗುಂಟ ಕೊಖೆಮ್ ಮತ್ತು ಟ್ರಿಯರ್. ಬಿಂಗೆನ್‌ನಿಂದ ಕೋಬ್ಲೆಂಜ್‌ವರೆಗಿನ ಸುಮಾರು 65 ಕಿಲೋಮೀಟರ್ ಕಣಿವೆಯನ್ನು ಯುನೆಸ್ಕೊ 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ನದಿಯ ಎರಡೂ ದಡದಲ್ಲಿ ರೈಲು ಹಳಿ ಇದೆ. ಬೆಟ್ಟದ ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ನೆತ್ತಿಯಲ್ಲಿ ಕೋಟೆ, ಬುಡದಲ್ಲಿ ಮರದ ತೊಲೆಗಳ ಹಳೆಯ ಮನೆಗಳ ಊರು, ಅದರ ಮುಂದೆಯೇ ಹಳಿ, ಹಳಿಯಾಚೆ ನೀರು. ಇಷ್ಟೆಲ್ಲವೂ ಕಿಟಕಿಯಿಂದಲೇ ಕಾಣುತ್ತದೆ.

1. ಯಾವಾಗ ಹೋಗಬೇಕು

ಏಪ್ರಿಲ್‌ನಿಂದ ಅಕ್ಟೋಬರ್. ಕಣಿವೆಯ ಪ್ರವಾಸಿ ಹಡಗುಗಳು ಪೂರ್ಣವಾಗಿ ಓಡುವುದು ಈ ತಿಂಗಳುಗಳಲ್ಲಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ನನ್ನ ಆಯ್ಕೆ ಅಕ್ಟೋಬರ್ ಮೊದಲ ಎರಡು ವಾರ: ದ್ರಾಕ್ಷಿ ಎಲೆಗಳು ಹಳದಿಗೆ ತಿರುಗಿರುತ್ತವೆ, ಬೇಸಿಗೆಯ ನೂಕುನುಗ್ಗಲು ಇಳಿದಿರುತ್ತದೆ. ಆಗಸ್ಟ್, ಸೆಪ್ಟೆಂಬರ್‌ನ ಕೆಲವು ಶನಿವಾರಗಳಂದು ನದಿಯ ಮೇಲೆ ‘ರೈನ್ ಇನ್ ಫ್ಲಾಮನ್’ ಎಂಬ ಪಟಾಕಿ ಉತ್ಸವ ನಡೆಯುತ್ತದೆ. ನೋಡಲು ಸೊಗಸು, ಆದರೆ ಆ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ. ದಿನಾಂಕ ಗೊತ್ತುಮಾಡುವ ಮೊದಲು ಇದನ್ನು ನೋಡಿಕೊಳ್ಳಿ.

2. ವೀಸಾ ಮತ್ತು ಸಾಮಾನು

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಷೆಂಗೆನ್ ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ತಡವಾಯಿತೆಂದೇ ಲೆಕ್ಕ. ವಯಸ್ಕರ ಶುಲ್ಕ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಇರಬೇಕು. ಬೇಸಿಗೆ ರಜೆಗೆ ಹೋಗುವವರು ಸಂದರ್ಶನದ ದಿನಾಂಕವನ್ನು ಮೊದಲು ಹಿಡಿದು, ವಿಮಾನದ ಟಿಕೆಟ್ಟನ್ನು ಆಮೇಲೆ ನೋಡುವುದು ಕ್ಷೇಮ.

ಸಾಮಾನಿನ ಬಗ್ಗೆ ಎರಡು ಮಾತು. ಧಾರವಾಡ ಪೇಡ, ಹಾಲಿನ ಖೋವದ ಸಿಹಿ ಇಂಥವನ್ನು ಮಕ್ಕಳಿಗೆಂದು ಕಟ್ಟಿಕೊಂಡು ಹೋಗಬೇಡಿ. ಹೊರಗಿನ ದೇಶಗಳಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ, ಸಿಕ್ಕಿದರೆ ಕಿತ್ತುಕೊಳ್ಳುತ್ತಾರೆ. ಇನ್ನೊಂದು, ಸೂಟ್‌ಕೇಸನ್ನು ನೀವೇ ಎತ್ತಿ ಮೆಟ್ಟಿಲು ಹತ್ತಬಲ್ಲಿರಾ ಎಂದು ಮನೆಯಲ್ಲೇ ಪರೀಕ್ಷಿಸಿ. ಅಲ್ಲಿ ಕೂಲಿಗಳು ಸಿಗುವುದಿಲ್ಲ, ಸಣ್ಣ ನಿಲ್ದಾಣಗಳಲ್ಲಿ ಲಿಫ್ಟ್ ಇದ್ದೇ ಇರುತ್ತದೆಂಬ ಭರವಸೆಯೂ ಇಲ್ಲ.

3. ಗಾಡಿಗಳ ಗುರುತು ತಿಳಿದುಕೊಳ್ಳಿ

ಇಡೀ ಪ್ರವಾಸದ ಯಶಸ್ಸು ನಿಂತಿರುವುದು ಈ ಹಂತದ ಮೇಲೆ, ಹೆಚ್ಚಿನವರು ಎಡವುವುದೂ ಇಲ್ಲೇ.

ಜರ್ಮನ್ ರೈಲುಗಳಲ್ಲಿ ಎರಡು ಬಗೆ. ಐಸಿಇ, ಐಸಿ, ಇಸಿ ಎಂಬ ಅಕ್ಷರಗಳಿದ್ದರೆ ಅದು ದೂರದ ವೇಗದ ಗಾಡಿ. ಆರ್‌ಇ, ಆರ್‌ಬಿ, ಎಸ್ ಎಂದಿದ್ದರೆ ಪ್ರಾದೇಶಿಕ ಗಾಡಿ. ಆರ್‌ಬಿ ಎಂದರೆ ನಮ್ಮ ಪ್ಯಾಸೆಂಜರ್ ಗಾಡಿಯಂತೆ ಎಲ್ಲ ಊರುಗಳಲ್ಲೂ ನಿಲ್ಲುವುದು. ಆರ್‌ಇ ಕೆಲವು ಊರುಗಳನ್ನು ಬಿಟ್ಟು ಓಡುತ್ತದೆ. ಎಸ್ ಎಂದರೆ ದೊಡ್ಡ ನಗರದ ಸುತ್ತಲಿನ ಉಪನಗರ ರೈಲು. ಪ್ರಾದೇಶಿಕ ಗಾಡಿಗಳಿಗೆ ಸೀಟು ಕಾಯ್ದಿರಿಸುವುದೂ ಇಲ್ಲ, ವೇಟಿಂಗ್ ಲಿಸ್ಟ್ ಕೂಡ ಇಲ್ಲ. ಟಿಕೆಟ್ ಇದ್ದರೆ ಹತ್ತಿ ಕುಳಿತುಕೊಳ್ಳಬಹುದು.

ಫ್ರಾಂಕ್‌ಫರ್ಟ್‌ನಿಂದ ಕಲೋನ್‌ಗೆ ಎಂದು ಮೊಬೈಲ್ ಆಪ್‌ನಲ್ಲಿ ಹುಡುಕಿದರೆ ಮೊದಲು ಕಾಣುವುದು ಐಸಿಇ, ಸುಮಾರು ಒಂದು ಗಂಟೆಯ ದಾರಿ. ಅದು 2002ರಲ್ಲಿ ತೆರೆದ ಅತಿವೇಗದ ಹಳಿಯ ಮೇಲೆ ಓಡುತ್ತದೆ. ಕಣಿವೆಗೆ ವಿಶ್ವ ಪರಂಪರೆಯ ಮನ್ನಣೆ ಸಿಕ್ಕ ವರ್ಷವೇ ವೇಗದ ಗಾಡಿಗಳು ಅದನ್ನು ಬಿಟ್ಟು ಗುಡ್ಡದಾಚೆ ಹೊರಟವು. ಆ ದಾರಿಯಲ್ಲಿ ಸುರಂಗ ಮತ್ತು ಹೆದ್ದಾರಿ ಬಿಟ್ಟರೆ ನೋಡಲು ಹೆಚ್ಚೇನಿಲ್ಲ. ರೈನ್ ನೋಡಲು ಹೊರಟವರು ಅದನ್ನೇ ಹತ್ತಿ, ನದಿ ಎಲ್ಲಿ ಎಂದು ಕಿಟಕಿಯಾಚೆ ಹುಡುಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪತ್ತೆ ಮಾಡುವುದು ಸುಲಭ. ಮಾರ್ಗದ ವಿವರ ಬಿಡಿಸಿ ನೋಡಿ. ಲಿಂಬುರ್ಗ್ ಸ್ಯೂಡ್, ಮೊಂಟಾಬೌರ್, ಝೀಗ್‌ಬುರ್ಗ್ ಎಂಬ ಹೆಸರುಗಳಿದ್ದರೆ ಆ ಗಾಡಿ ಬೇಡ. ಮೈನ್ಸ್, ಬಿಂಗೆನ್, ಕೋಬ್ಲೆಂಜ್ ಇದ್ದರೆ ಅದು ಕಣಿವೆಯ ದಾರಿ. ಆಪ್‌ನಲ್ಲಿ ‘ಪ್ರಾದೇಶಿಕ ಗಾಡಿಗಳು ಮಾತ್ರ’ ಎಂಬ ಆಯ್ಕೆಯನ್ನು ಒತ್ತಿಬಿಟ್ಟರೆ ಗೊಂದಲವೇ ಉಳಿಯುವುದಿಲ್ಲ. ಜರ್ಮನ್ ರೈಲ್ವೆಯ ಅಧಿಕೃತ ಆಪ್‌ನ ಹೆಸರು ಡಿಬಿ ನ್ಯಾವಿಗೇಟರ್. ಊರಿನಲ್ಲೇ ಹಾಕಿಕೊಂಡು ಎರಡು ದಿನ ಸುಮ್ಮನೆ ಹುಡುಕಿ ಅಭ್ಯಾಸ ಮಾಡಿ.

ಈ ದಾರಿಯಲ್ಲಿ ನೆನಪಿಡಬೇಕಾದ ಗಾಡಿಗಳು ಕೆಲವೇ. ರೈನ್‌ನ ಎಡದಡದಲ್ಲಿ ಆರ್‌ಇ 2 ಮತ್ತು ಆರ್‌ಬಿ 26, ಬಲದಡದಲ್ಲಿ ಆರ್‌ಬಿ 10, ಮೋಸೆಲ್ ಕಣಿವೆಯಲ್ಲಿ ಆರ್‌ಇ 1 ಮತ್ತು ಆರ್‌ಬಿ 81.

4. ಟಿಕೆಟ್

ಎರಡು ದಾರಿಗಳಿವೆ.

ಡಾಯ್ಚ್‌ಲಾಂಡ್ ಟಿಕೆಟ್: ದೇಶದ ಎಲ್ಲ ಪ್ರಾದೇಶಿಕ ರೈಲು, ನಗರ ಬಸ್, ಟ್ರಾಮ್‌ಗಳಲ್ಲಿ ಒಂದು ಕ್ಯಾಲೆಂಡರ್ ತಿಂಗಳು ಓಡಾಡುವ ಪಾಸು. 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾಗಿ, 2026ರ ಜನವರಿಯಿಂದ 63 ಯೂರೊ ಆಗಿದೆ. ಐಸಿಇ, ಐಸಿ ಗಾಡಿಗಳಲ್ಲಿ ನಡೆಯುವುದಿಲ್ಲ. ಇದು ಚಂದಾ ಪದ್ಧತಿಯದು: ನೀವು ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಖಾತೆಯಿಂದ ಹೋಗುತ್ತದೆ. ಆ ತಿಂಗಳ ಕೊನೆಗೆ ನಿಲ್ಲಬೇಕಾದರೆ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ತಿಂಗಳ ನಡುವೆ ಹೋಗುವವರು ಕೊಳ್ಳುವ ಮುನ್ನವೇ ರದ್ದತಿಯ ನಿಯಮವನ್ನು ಓದಿಕೊಳ್ಳಿ. ನಿಮ್ಮ ಪ್ರವಾಸ 30ರಂದು ಶುರುವಾಗಿ 2ರಂದು ಮುಗಿಯುವುದಾದರೆ ಎರಡು ತಿಂಗಳ ಹಣ ಬೇಕಾಗುತ್ತದೆ, ಅಂಥವರಿಗೆ ಇದು ಬೇಡ. ಟಿಕೆಟ್ ನಿಮ್ಮ ಹೆಸರಿನಲ್ಲಿರುತ್ತದೆ, ಪಾಸ್‌ಪೋರ್ಟ್ ಕೈಯಲ್ಲಿರಲಿ.

ರೈನ್‌ಲಾಂಡ್-ಫಾಲ್ಸ್ ಟಿಕೆಟ್: ಬಿಂಗೆನ್‌ನಿಂದ ಟ್ರಿಯರ್‌ವರೆಗಿನ ಊರುಗಳೆಲ್ಲ ಇರುವ ರಾಜ್ಯದ ಒಂದು ದಿನದ ಟಿಕೆಟ್. ಐದು ಜನರವರೆಗೆ ಒಂದೇ ಟಿಕೆಟ್‌ನಲ್ಲಿ ಹೋಗಬಹುದು. ಮೊದಲನೆಯವರಿಗೆ ಹೆಚ್ಚು, ನಂತರದ ಪ್ರತಿಯೊಬ್ಬರಿಗೆ ಸ್ವಲ್ಪ ಸ್ವಲ್ಪ ಸೇರುತ್ತದೆ. ಮೂರು ಜನಕ್ಕಿಂತ ಹೆಚ್ಚಿರುವ ಕುಟುಂಬಕ್ಕೆ ಇದೇ ಒಳ್ಳೆಯದು. ವಾರದ ದಿನಗಳಲ್ಲಿ ಬೆಳಿಗ್ಗೆ 9 ಗಂಟೆಗೆ ಮೊದಲು ಇದು ನಡೆಯುವುದಿಲ್ಲ. 8:50ರ ಗಾಡಿ ಹತ್ತಿದರೆ ಟಿಕೆಟ್ ಇಲ್ಲದ ಪ್ರಯಾಣವೇ ಆಗುತ್ತದೆ, ದಂಡ 60 ಯೂರೊ. ಶನಿವಾರ, ಭಾನುವಾರ ಈ ಕಟ್ಟು ಇಲ್ಲ. ಪ್ರಯಾಣ ಶುರುವಾಗುವ ಮೊದಲು ಎಲ್ಲರ ಹೆಸರನ್ನೂ ಅದರಲ್ಲಿ ಬರೆಯಬೇಕು. ಫ್ರಾಂಕ್‌ಫರ್ಟ್ ಪಕ್ಕದ ಹೆಸ್ಸೆನ್ ರಾಜ್ಯದಲ್ಲಿರುವುದರಿಂದ ವಿಮಾನ ನಿಲ್ದಾಣದಿಂದ ಮೈನ್ಸ್‌ವರೆಗೆ ಬೇರೆ ಟಿಕೆಟ್ ತೆಗೆದುಕೊಳ್ಳಿ.

ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ನಿಲ್ದಾಣದಲ್ಲಿ ಗೇಟು ಇರುವುದಿಲ್ಲ, ಯಾರೂ ತಡೆಯುವುದಿಲ್ಲ. ಹಾಗೆಂದು ಯಾರೂ ನೋಡುವುದಿಲ್ಲ ಎಂದುಕೊಳ್ಳಬೇಡಿ. ಗಾಡಿಯೊಳಗೆ ಪರೀಕ್ಷಕರು ಬಂದೇ ಬರುತ್ತಾರೆ.

5. ಒಂದೇ ಊರಿನಲ್ಲಿ ಬಿಡಾರ

ಪ್ರತಿ ರಾತ್ರಿ ಊರು ಬದಲಿಸಬೇಡಿ. ಮೂರು ರಾತ್ರಿಯೂ ಕೋಬ್ಲೆಂಜ್‌ನಲ್ಲೇ ಇರಿ. ರೈನ್‌ನ ಎರಡೂ ದಡದ ಹಳಿಗಳು, ಮೋಸೆಲ್ ಹಳಿ ಎಲ್ಲವೂ ಸೇರುವುದು ಅಲ್ಲಿ. ದೊಡ್ಡ ಪೆಟ್ಟಿಗೆ ಕೋಣೆಯಲ್ಲಿದ್ದರೆ ಹಗಲೆಲ್ಲ ಹೆಗಲಚೀಲದಲ್ಲೇ ಸುತ್ತಬಹುದು. ಇಬ್ಬರೇ ಇದ್ದು ಸಾಮಾನು ಹಗುರವಾಗಿದ್ದರೆ ಒಂದು ರಾತ್ರಿಯನ್ನು ಬಾಖರಾಖ್‌ಗೆ ಕೊಡಿ. ಅಲ್ಲಿ ಬೆಟ್ಟದ ಮೇಲಿನ ಸ್ಟಾಲೆಕ್ ಕೋಟೆಯೇ ಈಗ ಯೂತ್ ಹಾಸ್ಟೆಲ್ ಆಗಿದೆ. ಕೋಟೆಯಲ್ಲಿ ಮಲಗಬೇಕೆಂಬ ಆಸೆ ಇದ್ದವರು ತಿಂಗಳುಗಟ್ಟಲೆ ಮೊದಲೇ ಕೇಳಬೇಕು.

ಕೋಣೆ ಹಿಡಿಯುವಾಗ ನಕ್ಷೆಯಲ್ಲಿ ಹಳಿ ಎಲ್ಲಿದೆ ಎಂದು ನೋಡಿ. ಈ ಕಣಿವೆಯಲ್ಲಿ ಗೂಡ್ಸ್ ಗಾಡಿಗಳು ರಾತ್ರಿಯಿಡೀ ಓಡುತ್ತವೆ, ಬೆಟ್ಟಗಳ ನಡುವೆ ಆ ಸದ್ದು ದುಪ್ಪಟ್ಟಾಗುತ್ತದೆ. ‘ನದಿ ಕಾಣುವ ಕೋಣೆ’ ಎಂದರೆ ಸಣ್ಣ ಊರುಗಳಲ್ಲಿ ಸಾಮಾನ್ಯವಾಗಿ ಹಳಿ ಕಾಣುವ ಕೋಣೆಯೂ ಹೌದು. ನಿದ್ದೆ ಹಗುರ ಇರುವವರು ಊರಿನ ಹಿಂಬದಿಯ ಕೋಣೆ ಕೇಳಿ.

6. ಮೊದಲ ದಿನ: ವಿಮಾನ ನಿಲ್ದಾಣದಿಂದ ಕೋಬ್ಲೆಂಜ್

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಬಂದಿಳಿದರೂ ಅಷ್ಟೇ, ನಗರದಿಂದ ಹೊರಟರೂ ಅಷ್ಟೇ, ಒಂದು ವಿಷಯ ಗಮನಿಸಿ: ವಿಮಾನ ನಿಲ್ದಾಣದಲ್ಲಿ ಎರಡು ರೈಲು ನಿಲ್ದಾಣಗಳಿವೆ. ‘ಫೆರ್ನ್‌ಬಾನ್‌ಹೋಫ್’ ವೇಗದ ಗಾಡಿಗಳದು, ‘ರೆಗಿಯೋನಾಲ್‌ಬಾನ್‌ಹೋಫ್’ ಪ್ರಾದೇಶಿಕ ಗಾಡಿಗಳದು. ನಿಮಗೆ ಬೇಕಾದದ್ದು ಎರಡನೆಯದು, ಒಂದನೇ ಟರ್ಮಿನಲ್‌ನ ಕೆಳಗಿದೆ. ಆರ್‌ಇ 2 ಸಿಕ್ಕರೆ ನೇರ ಕೋಬ್ಲೆಂಜ್‌ಗೆ ಸುಮಾರು ಒಂದೂವರೆ ಗಂಟೆ. ಇಲ್ಲವಾದರೆ ಎಸ್ 8ರಲ್ಲಿ ಮೈನ್ಸ್‌ಗೆ ಹೋಗಿ ಆರ್‌ಬಿ 26 ಹತ್ತಿ. ಅದೇ ಪ್ಲಾಟ್‌ಫಾರ್ಮ್‌ಗೆ ಬರುವ ಎಸ್ 9 ಮೈನ್ಸ್‌ನ ಮುಖ್ಯ ನಿಲ್ದಾಣಕ್ಕೆ ಹೋಗುವುದಿಲ್ಲ, ನದಿಯಾಚೆಯ ಕಾಸ್ಟೆಲ್ ಮೂಲಕ ವೀಸ್‌ಬಾಡನ್‌ಗೆ ಹೋಗುತ್ತದೆ.

ಬಲಗಡೆಯ ಕಿಟಕಿ ಹಿಡಿಯಿರಿ. ಬಿಂಗೆನ್‌ವರೆಗೆ ಬಯಲು, ಮೊಬೈಲ್ ನೋಡಿಕೊಂಡಿದ್ದರೂ ನಷ್ಟವಿಲ್ಲ. ಬಿಂಗೆನ್ ದಾಟಿದ ಮೇಲೆ ಕಣ್ಣು ಕೀಳಬೇಡಿ. ಕೌಬ್ ಊರಿನ ಎದುರು ನದಿಯ ನಡುಗಡ್ಡೆಯಲ್ಲಿ ಹಡಗಿನಂತೆ ನಿಂತ ಬಿಳಿಯ ಕೋಟೆ ಕಾಣುತ್ತದೆ. 1327ರ ಸುಮಾರಿಗೆ ಸುಂಕ ವಸೂಲಿಗೆಂದು ಕಟ್ಟಲು ಶುರುಮಾಡಿದ್ದು ಅದು. ಈ ಕಣಿವೆಯಲ್ಲಿ ಇಷ್ಟೊಂದು ಕೋಟೆಗಳಿರಲು ದೊಡ್ಡ ಕಾರಣವೇ ಸುಂಕ. ಸರಕಿನ ದೋಣಿಗಳಿಗೆ ಬೇರೆ ದಾರಿ ಇರಲಿಲ್ಲ, ದಡ ಯಾರ ಕೈಯಲ್ಲಿತ್ತೋ ಅವರು ತಡೆದು ಹಣ ವಸೂಲಿ ಮಾಡುತ್ತಿದ್ದರು. ಓಬರ್‌ವೇಸೆಲ್ ಬಿಟ್ಟ ಮೇಲೆ ಕೋಟೆಬಾಗಿಲಿನಂತೆ ಬುರುಜು ಕಟ್ಟಿದ ಚಿಕ್ಕ ಸುರಂಗಗಳು ಬರುತ್ತವೆ. ಅವುಗಳ ನಡುವೆ ಎದುರುದಡದಲ್ಲಿ 132 ಮೀಟರ್ ಎತ್ತರದ ಲೋರೆಲೈ ಬಂಡೆ ಕೆಲವೇ ಕ್ಷಣ ಕಾಣುತ್ತದೆ. ತಪ್ಪಿಸಿಕೊಂಡರೆ ಬೇಸರ ಬೇಡ, ನಾಳೆ ಹಡಗಿನಿಂದ ಮನದಣಿಯೆ ನೋಡಬಹುದು.

ಸಂಜೆ ಕೋಬ್ಲೆಂಜ್‌ನಲ್ಲಿ ‘ಡಾಯ್ಚೆಸ್ ಎಕ್’ ಎಂಬ ಮೂಲೆಗೆ ನಡೆದುಹೋಗಿ. ಮೋಸೆಲ್ ಬಂದು ರೈನ್ ಸೇರುವ ಸಂಗಮ ಅದು. ಪಕ್ಕದಿಂದಲೇ ರೋಪ್‌ವೇ ನದಿ ದಾಟಿ ಏರನ್‌ಬ್ರೈಟ್‌ಸ್ಟೈನ್ ಕೋಟೆಗೆ ಹೋಗುತ್ತದೆ.

7. ಎರಡನೇ ದಿನ: ರೈನ್ ದಡದ ಊರುಗಳು

ಬೆಳಿಗ್ಗೆ ಒಂಬತ್ತರ ನಂತರ ಆರ್‌ಬಿ 26ರಲ್ಲಿ ದಕ್ಷಿಣಕ್ಕೆ, ಬಾಖರಾಖ್‌ಗೆ. ಈ ಸಲ ನದಿ ಎಡಕ್ಕಿರುತ್ತದೆ. ಬಾಖರಾಖ್ ಒಂದು ಗಂಟೆಯಲ್ಲಿ ಸುತ್ತಿ ಮುಗಿಯುವಷ್ಟು ಚಿಕ್ಕ ಊರು, ಆದರೆ ಎರಡು ಗಂಟೆ ಕೊಡಿ. 1368ರ ಮರದ ತೊಲೆಯ ಮನೆ, ಛಾವಣಿಯಿಲ್ಲದೆ ನಿಂತ ಕೆಂಪು ಕಲ್ಲಿನ ವೆರ್ನರ್ ಚಾಪೆಲ್, ಹಳೆಯ ಪೌಳಿಗೋಡೆ ಇವೆಲ್ಲ ಕಾಲ್ನಡಿಗೆಯ ದೂರದಲ್ಲಿವೆ.

ಅಲ್ಲಿಂದ ಹಡಗಿನಲ್ಲಿ ಸಾಂಕ್ಟ್ ಗೋಆರ್‌ಗೆ ಹೋಗಿ, ಸುಮಾರು ಮುಕ್ಕಾಲು ಗಂಟೆ. ರೈಲಿನ ಪಾಸು ಹಡಗಿಗೆ ನಡೆಯುವುದಿಲ್ಲ. ಹರಿವಿನ ದಿಕ್ಕಿನಲ್ಲೇ ಹೋಗಬೇಕೆಂದು ಬಾಖರಾಖ್‌ನಿಂದ ಹತ್ತಲು ಹೇಳುತ್ತಿದ್ದೇನೆ, ಎದುರು ಹರಿವಿಗೆ ಹೋದರೆ ಸಮಯ ಬಹಳ ಹಿಡಿಯುತ್ತದೆ. ಸಾಂಕ್ಟ್ ಗೋಆರ್‌ನ ಮೇಲಿರುವ ರೈನ್‌ಫೆಲ್ಸ್ ಕೋಟೆಯ ಅವಶೇಷ ಬಹಳ ದೊಡ್ಡದು, ಮಕ್ಕಳಿದ್ದರೆ ಬಿಡಬೇಡಿ.

ಇಲ್ಲಿ ಹೆಸರಿನ ಗೊಂದಲವೊಂದಿದೆ. ಸಾಂಕ್ಟ್ ಗೋಆರ್ ಎಡದಡದಲ್ಲಿ, ಸಾಂಕ್ಟ್ ಗೋಆರ್ಸ್‌ಹೌಸನ್ ಎದುರಿನ ಬಲದಡದಲ್ಲಿ. ಟಿಕೆಟ್, ಹೋಟೆಲ್, ಆಪ್ ಎಲ್ಲದರಲ್ಲೂ ಪೂರ್ತಿ ಹೆಸರು ಓದಿ. ಮೈನ್ಸ್ ಬಿಟ್ಟರೆ ಕೋಬ್ಲೆಂಜ್‌ವರೆಗೆ ರೈನ್‌ಗೆ ಸೇತುವೆಯೇ ಇಲ್ಲ, ತಪ್ಪು ದಡದಲ್ಲಿ ಇಳಿದರೆ ಲಾಂಚ್ ಕಾಯಬೇಕು. ಸಿಗಂದೂರಿನ ಲಾಂಚ್ ಹತ್ತಿದವರಿಗೆ ಇದು ಹೊಸದಲ್ಲ: ಕಾರು, ಸೈಕಲ್, ಜನ ಎಲ್ಲ ಒಟ್ಟಿಗೆ. ಚಿಲ್ಲರೆ ಯೂರೊ ಜೇಬಿನಲ್ಲಿರಲಿ. ಬಿಂಗೆನ್‌ನಲ್ಲೂ ಇಂಥದೇ ಒಂದು ತೊಡಕು. ಅಲ್ಲಿ ಎರಡು ನಿಲ್ದಾಣ, ಊರಿನ ನಡುಭಾಗಕ್ಕೆ ಹತ್ತಿರವಿರುವುದು ‘ಮುಖ್ಯ ನಿಲ್ದಾಣ’ ಎಂಬ ಹೆಸರಿನದಲ್ಲ, ‘ಬಿಂಗೆನ್ ಶ್ಟಾಟ್’.

ಲಾಂಚ್‌ನಲ್ಲಿ ದಾಟಿ, ಬಲದಡದ ಆರ್‌ಬಿ 10ರಲ್ಲಿ ಉತ್ತರಕ್ಕೆ ಹೊರಡಿ, ಎಡಕಿಟಕಿ. ಬ್ರೌಬಾಖ್‌ನಲ್ಲಿ ಇಳಿದರೆ ಮಾರ್ಕ್ಸ್‌ಬುರ್ಗ್ ಇದೆ. ಮಧ್ಯ ರೈನ್‌ನ ಬೆಟ್ಟದ ಕೋಟೆಗಳಲ್ಲಿ ಎಂದೂ ನೆಲಸಮವಾಗದೆ ಉಳಿದದ್ದು ಇದೊಂದೇ. ಒಳಗೆ ಮಾರ್ಗದರ್ಶಕರ ಜೊತೆಗೇ ಹೋಗಬೇಕು, ಕೊನೆಯ ಪ್ರವೇಶದ ಹೊತ್ತನ್ನು ಮೊದಲೇ ನೋಡಿಡಿ. ಒಂದೇ ಕೋಟೆ ನೋಡಲು ಸಮಯವಿದ್ದರೆ ನಾನು ಇದನ್ನೇ ಆರಿಸುತ್ತೇನೆ.

ಎಚ್ಚರಿಕೆ: ಬಲದಡದ ಈ ಹಳಿಯ ಸಮಗ್ರ ದುರಸ್ತಿಗೆಂದು 2026ರ ಜುಲೈನಿಂದ ಡಿಸೆಂಬರ್‌ವರೆಗೆ ಮಾರ್ಗವನ್ನು ಮುಚ್ಚುವ ಯೋಜನೆಯಿದೆ. ಆ ತಿಂಗಳುಗಳಲ್ಲಿ ಹೋಗುವವರು ಎಡದಡದಲ್ಲೇ ಹಿಂದಿರುಗಿ, ದಾರಿಯಲ್ಲಿ ಬೊಪ್ಪಾರ್ಡ್‌ನಲ್ಲಿ ಇಳಿಯಿರಿ. ಅಲ್ಲಿಯ ಚೇರ್‌ಲಿಫ್ಟ್‌ನಲ್ಲಿ ಮೇಲೇರಿದರೆ ರೈನ್ ದೊಡ್ಡ ಕುಣಿಕೆಯಂತೆ ತಿರುಗುವುದು ಕಾಣುತ್ತದೆ.

8. ಮೂರನೇ ದಿನ: ಮೋಸೆಲ್

ಕೋಬ್ಲೆಂಜ್‌ನಿಂದ ಟ್ರಿಯರ್‌ವರೆಗಿನ ಈ ಹಳಿ 1879ರಲ್ಲಿ ಶುರುವಾಯಿತು. ಎಡಕಿಟಕಿಯಲ್ಲಿ ಕುಳಿತುಕೊಳ್ಳಿ. ರೈನ್‌ಗಿಂತ ಮೋಸೆಲ್ ಸಣ್ಣದು, ಶಾಂತ, ಹಾವಿನಂತೆ ಸುತ್ತುವ ನದಿ. ನನಗೆ ಇದೇ ಹೆಚ್ಚು ಇಷ್ಟ.

ಕೊಖೆಮ್‌ಗೆ ಆರ್‌ಇ 1ರಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಊರ ಮೇಲಿನ ಕೋಟೆಯನ್ನು 1689ರಲ್ಲಿ ಫ್ರೆಂಚ್ ಸೈನ್ಯ ಸಿಡಿಸಿತ್ತು. ಬರ್ಲಿನ್‌ನ ವರ್ತಕನೊಬ್ಬ 1868ರಲ್ಲಿ ಕೊಂಡು ಮತ್ತೆ ಕಟ್ಟಿಸಿದ. ಮಧ್ಯಾಹ್ನದವರೆಗೆ ಅಲ್ಲಿದ್ದು ಮುಂದಕ್ಕೆ ಹೊರಡಿ. ಕೊಖೆಮ್‌ನಲ್ಲೇ ದಿನ ಮುಗಿಸುವವರು ಈ ಹಳಿಯ ಅತ್ಯುತ್ತಮ ಭಾಗವನ್ನು ಕಾಣದೆ ಹಿಂದಿರುಗುತ್ತಾರೆ.

ಕೊಖೆಮ್ ಬಿಟ್ಟೊಡನೆ ಗಾಡಿ 4.2 ಕಿಲೋಮೀಟರ್ ಉದ್ದದ ಸುರಂಗ ಹೊಗುತ್ತದೆ. ನದಿ ಇಪ್ಪತ್ತು ಕಿಲೋಮೀಟರ್‌ಗೂ ಹೆಚ್ಚು ಸುತ್ತಿ ಬರುವ ಜಾಗಕ್ಕೆ ಹಳಿ ಗುಡ್ಡ ಕೊರೆದು ನೇರ ಹೋಗುತ್ತದೆ. 1980ರ ದಶಕದವರೆಗೆ ಜರ್ಮನಿಯ ಅತಿ ಉದ್ದದ ರೈಲು ಸುರಂಗ ಇದಾಗಿತ್ತು. ಹೊರಬಂದೊಡನೆ ಸೇತುವೆ, ಎದುರಿಗೆ ಏಣಿ ಇಟ್ಟು ಹತ್ತಬೇಕೆನಿಸುವಷ್ಟು ಕಡಿದಾದ ದ್ರಾಕ್ಷಿ ತೋಟ. ಬುಲ್ಲೈನಲ್ಲಿ ಇಳಿದು, ಟ್ರಾಬೆನ್-ಟ್ರಾರ್ಬಾಖ್‌ಗೆ ಹೋಗುವ ಆರ್‌ಬಿ 85 ಹತ್ತಿ. ಇಪ್ಪತ್ತು ನಿಮಿಷದಷ್ಟೇ ಪಯಣ. ಅಷ್ಟರಲ್ಲಿ ಮೇಲೆ ರೈಲು, ಕೆಳಗೆ ಕಾರು ಓಡುವ ಎರಡಂತಸ್ತಿನ ಸೇತುವೆ, ಒಂದು ಸುರಂಗ, ಅದರಾಚೆ ಬೆಟ್ಟದ ಪಕ್ಕೆಗೆ ಅಂಟಿಕೊಂಡು 786 ಮೀಟರ್ ಸಾಗುವ ಕಮಾನುಗಳ ಪ್ಯುಂಡೆರಿಖ್ ಸೇತುವೆ ಎಲ್ಲ ಬಂದುಹೋಗುತ್ತವೆ. ಕೆಳಗೆ ನದಿ ತಿರುಗುತ್ತದೆ, ಆಚೆದಡದಲ್ಲಿ ಊರು. ಇಡೀ ಪ್ರವಾಸದಲ್ಲಿ ಮತ್ತೊಮ್ಮೆ ನೋಡಬೇಕೆನಿಸುವ ನೋಟ ಇದು. ಹಿಂದಿರುಗುವಾಗ ಅದೇ ಹಳಿಯಲ್ಲೇ ಬರುವುದರಿಂದ ಆ ಆಸೆಯೂ ತೀರುತ್ತದೆ.

ಟ್ರಿಯರ್ ಕಡೆಯ ಮುಖ್ಯ ಹಳಿ ಪ್ಯುಂಡೆರಿಖ್ ದಾಟಿದ ಮೇಲೆ ನದಿಯನ್ನು ಬಿಟ್ಟು ಒಳನಾಡಿಗೆ ಹೋಗುತ್ತದೆ. ಟ್ರಿಯರ್ ಸಮೀಪಿಸುವವರೆಗೆ ಮೋಸೆಲ್ ಮತ್ತೆ ಕಾಣುವುದಿಲ್ಲ. ಹಾಗಾಗಿ ನೋಟಕ್ಕೆಂದು ಹೋಗುವವರು ಟ್ರಾಬೆನ್-ಟ್ರಾರ್ಬಾಖ್‌ನ ಕವಲು ಹಿಡಿಯಿರಿ, ಇತಿಹಾಸ ಬೇಕಾದವರು ಟ್ರಿಯರ್‌ಗೆ ಹೋಗಿ. ಕೋಬ್ಲೆಂಜ್‌ನಿಂದ ಅಲ್ಲಿಗೆ ಒಂದೂವರೆ ಗಂಟೆ. ಎರಡನೇ ಶತಮಾನದ ರೋಮನ್ ಹೆಬ್ಬಾಗಿಲು ಪೋರ್ಟಾ ನಿಗ್ರಾ ಅಲ್ಲಿದೆ, ಕಾರ್ಲ್ ಮಾರ್ಕ್ಸ್ 1818ರಲ್ಲಿ ಹುಟ್ಟಿದ ಮನೆಯೂ ಇದೆ. ಟ್ರಾಬೆನ್-ಟ್ರಾರ್ಬಾಖ್, ಟ್ರಿಯರ್ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ.

ಇನ್ನೂ ಒಂದೆರಡು ದಿನ ಬಿಡುವಿರುವವರು ಸ್ಟುಟ್‌ಗಾರ್ಟ್ ಕಡೆಗೆ ಹೋಗಿ, ಅಲ್ಲಿಂದ ಪ್ರಾದೇಶಿಕ ಗಾಡಿಯಲ್ಲಿ ಸುಮಾರು ಒಂದು ಗಂಟೆ ದೂರದ ಟ್ಯೂಬಿಂಗೆನ್ ನೋಡಬಹುದು. ನೆಕರ್ ನದಿಯ ದಡದ ಹಳೆಯ ವಿದ್ಯಾಪೀಠದ ಊರು. ನಮ್ಮ ಭಾಷೆಗೆ 1894ರಲ್ಲಿ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಅಲ್ಲೇ. ಕನ್ನಡಿಗರು ಆ ಊರಿಗೆ ಒಂದು ದಿನ ಕೊಡಬೇಕೆಂದು ನನ್ನ ಆಸೆ.

9. ಗಾಡಿ ತಡವಾದರೆ

ಜರ್ಮನ್ ರೈಲು ಗಡಿಯಾರದಂತೆ ಓಡುತ್ತದೆ ಎಂದು ನಂಬಿ ಐದು ನಿಮಿಷದ ಅಂತರದಲ್ಲಿ ಗಾಡಿ ಬದಲಿಸುವ ಯೋಜನೆ ಹಾಕಬೇಡಿ. 2024ರಲ್ಲಿ ದೂರದ ಗಾಡಿಗಳಲ್ಲಿ ಹೊತ್ತಿಗೆ ಸರಿಯಾಗಿ ತಲುಪಿದವು ಶೇಕಡ 62.5 ಮಾತ್ರ. ಪ್ರಾದೇಶಿಕ ಗಾಡಿಗಳು ಇದಕ್ಕಿಂತ ವಾಸಿ. ಬದಲಾವಣೆಗೆ ಕನಿಷ್ಠ ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಮೇಲೆ ಹೇಳಿದ ಎರಡೂ ಟಿಕೆಟ್‌ಗಳು ಒಂದೇ ಗಾಡಿಗೆ ಕಟ್ಟಿದವಲ್ಲ. ಒಂದು ತಪ್ಪಿದರೆ ಮುಂದಿನದನ್ನು ಹತ್ತಿ.

ನಿಲ್ದಾಣದ ಫಲಕದಲ್ಲಿ ಈ ಪದಗಳು ಗೊತ್ತಿದ್ದರೆ ಸಾಕು. ‘ಗ್ಲೈಸ್’ ಎಂದರೆ ಪ್ಲಾಟ್‌ಫಾರ್ಮ್, ‘ಆಬ್‌ಫಾರ್ಟ್’ ನಿರ್ಗಮನ, ‘ಫೆರ್‌ಶ್ಪೇಟುಂಗ್’ ತಡ, ‘ಫೆಲ್ಟ್ ಔಸ್’ ಗಾಡಿ ರದ್ದು. ‘ಎಸ್ಇವಿ’ ಎಂಬ ಮೂರು ಅಕ್ಷರ ಕಂಡರೆ ರೈಲಿನ ಬದಲು ಬಸ್ ಓಡುತ್ತಿದೆ ಎಂದರ್ಥ, ನಿಲ್ದಾಣದ ಹೊರಗೆ ಬಂದು ಅದನ್ನು ಹಿಡಿಯಬೇಕು. ಹಳಿ ದುರಸ್ತಿ ಸಾಮಾನ್ಯವಾದ್ದರಿಂದ ಹಿಂದಿನ ರಾತ್ರಿ ಒಮ್ಮೆ, ಹೊರಡುವ ಮುನ್ನ ಇನ್ನೊಮ್ಮೆ ಆಪ್ ನೋಡಿ. ಪ್ಲಾಟ್‌ಫಾರ್ಮ್ ಕೊನೆಯ ಗಳಿಗೆಯಲ್ಲಿ ಬದಲಾಗುವುದುಂಟು, ಘೋಷಣೆ ಬರಿ ಜರ್ಮನ್‌ನಲ್ಲಿರಬಹುದು. ಅಕ್ಕಪಕ್ಕದವರೆಲ್ಲ ಒಮ್ಮೆಲೇ ಎದ್ದು ಹೊರಟರೆ ಕೇಳಿ ತಿಳಿದುಕೊಳ್ಳಿ. ಗಾಡಿಯ ಬಾಗಿಲು ತಾನಾಗಿ ತೆರೆಯದಿದ್ದರೆ ಅದರ ಮೇಲಿನ ಗುಂಡಿ ಒತ್ತಬೇಕು, ಇಳಿಯುವಾಗಲೂ ಅಷ್ಟೇ.

10. ಊಟ

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ನಿಲ್ದಾಣಗಳ ಒಳಗಿನವು ಮಾತ್ರ ತೆರೆದಿರುತ್ತವೆ, ಶನಿವಾರವೇ ಹಣ್ಣು, ಬ್ರೆಡ್ಡು, ನೀರು ತೆಗೆದಿಡಿ. ಸಸ್ಯಾಹಾರಿಗಳು ‘ಓನೆ ಫ್ಲೈಷ್, ಓನೆ ಫಿಷ್’ ಎಂದು ಹೇಳಲು ಕಲಿಯಿರಿ: ಮಾಂಸ ಬೇಡ, ಮೀನು ಬೇಡ. ಆಲೂಗಡ್ಡೆಯ ಸಾರು ಎಂದು ಕಂಡರೂ ಅದರಲ್ಲಿ ಹಂದಿಮಾಂಸದ ಚೂರುಗಳಿರಬಹುದು. ಫ್ಲಾಮ್‌ಕೂಖನ್ ಎಂಬ ತೆಳುವಾದ ರೊಟ್ಟಿಯ ಮೇಲೂ ಅದನ್ನೇ ಹಾಕುವ ರೂಢಿ, ತರಕಾರಿಯದು ಬೇಕೆಂದು ಕೇಳಿ. ಈ ಸೀಮೆಯ ರೈಬೆಕೂಖನ್, ಅಂದರೆ ತುರಿದ ಆಲೂಗಡ್ಡೆಯ ಕರಿದ ದೋಸೆ, ಸೇಬಿನ ಗೊಜ್ಜಿನ ಜೊತೆ ನಮ್ಮ ನಾಲಿಗೆಗೆ ಒಗ್ಗುತ್ತದೆ. ಅದೇ ಎಣ್ಣೆಯಲ್ಲಿ ಬೇರೇನಾದರೂ ಕರಿದಿದ್ದಾರೆಯೇ ಎಂದು ಕೇಳುವುದು ನಿಮಗೆ ಬಿಟ್ಟದ್ದು.

11. ಹಿಂದಿರುಗುವ ದಿನ

ವಿಮಾನಕ್ಕೆ ಎಷ್ಟು ಹೊತ್ತಿಗೆ ತಲುಪಬೇಕೋ ಲೆಕ್ಕ ಹಾಕಿ, ಅದಕ್ಕೆ ಸರಿಹೊಂದುವ ಗಾಡಿಗಿಂತ ಎರಡು ಗಾಡಿ ಮೊದಲಿನದನ್ನು ಹಿಡಿಯಿರಿ. ಬೆಳಗಿನ ವಿಮಾನವಾದರೆ ಕೊನೆಯ ರಾತ್ರಿ ಕೋಬ್ಲೆಂಜ್ ಬಿಟ್ಟು ಮೈನ್ಸ್‌ನಲ್ಲಿ ತಂಗಿ, ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಎಸ್ 8ರಲ್ಲಿ ಅರ್ಧ ಗಂಟೆಯ ದಾರಿ. ಸಂಜೆಯ ವಿಮಾನವಾದರೆ ಪೆಟ್ಟಿಗೆಯನ್ನು ಹೋಟೆಲ್‌ನಲ್ಲೇ ಬಿಟ್ಟು ಏರನ್‌ಬ್ರೈಟ್‌ಸ್ಟೈನ್ ಕೋಟೆ ನೋಡಿಬನ್ನಿ. ಆಮೇಲೆ ಎಡದಡದ ಗಾಡಿ ಹತ್ತಿ ಎಡಕಿಟಕಿಯಲ್ಲಿ ಕುಳಿತರೆ, ಬಿಂಗೆನ್‌ವರೆಗೆ ನದಿ ಇನ್ನೊಮ್ಮೆ ಜೊತೆಗಿರುತ್ತದೆ.